ಕೂಗದ ಕಲ್ಲು

ಕಲ್ಲು ಕೂಗಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಹುಲಿಗೇಶ್ ಇನ್ನೊಮ್ಮೆ ಹಿಂದಕ್ಕೆ ಹೋದ. ಟವೆಲ್ಲಿನ ಗಂಟನ್ನು ಬಗಲಿಗೆ ಅವುಚಿಕೊಂಡು, ಹಸೆಮಣೆಗೆ ಬರುವ ಮದುಮಗಳ ಹಾಗೆ ನಿಧಾನವಾಗಿ, ಮೆಟಲ್ ಡಿಟೆಕ್ಟರಿನ ಬಾಗಿಲ ಚೌಕಟ್ಟಿನೊಳಗಿಂದ ದಾಟಿ ಬಂದ. ಮೇಲಿನ ಹಸಿರು ದೀಪ ಹಸಿರಾಗಿಯೇ ಉಳಿಯಿತು.

ಗಂಟಿನೊಳಗಿದ್ದದ್ದು ತೆಂಗಿನಕಾಯಿ ಗಾತ್ರದ ಕೆಂಪು ಅದಿರು. ಅಚ್ಚ ಕಬ್ಬಿಣದ ಕಲ್ಲು. ಬೆಳಿಗ್ಗೆ ಬರುವಾಗ ರಸ್ತೆಯಲ್ಲಿ ಲಾರಿಯೊಂದರಿಂದ ಉದುರಿದ್ದನ್ನು ಎತ್ತಿಕೊಂಡಿದ್ದ. ಆ ದಿನಗಳಲ್ಲಿ ಬಳ್ಳಾರಿಯಲ್ಲಿ ಅದಿರನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಅದೇ ಬಂದು ಟೈರಿಗೆ ಬಡಿಯುತ್ತಿತ್ತು. ಚೀನಾದವರು ಒಲಿಂಪಿಕ್ಸಿಗೆ ಸ್ಟೇಡಿಯಂ ಕಟ್ಟುತ್ತಿದ್ದರು, ಇಲ್ಲಿ ನಮ್ಮ ಗುಡ್ಡಗಳು ಕರಗುತ್ತಿದ್ದವು.

"ಎಸ್ಸೈ ಗಾರೂ, ಎಷ್ಟು ಸಲ ತಿರುಗ್ತೀರಿ? ಗುಡಿ ಪ್ರದಕ್ಷಿಣಿ ಏನ್ರಿ ಇದು?" ಎಂದು ಸೋಫಾದಿಂದ ಕೇಳಿದವನು ಎರ್ರಿಸ್ವಾಮಿ. ಗಾಂಧಿನಗರದ ಈ ಗಣಿ ಕಚೇರಿಯ ಧಣಿ. ಮೂರು ವರ್ಷದ ಹಿಂದೆ ಟ್ರ್ಯಾಕ್ಟರ್ ಬಾಡಿಗೆಗೆ ಬಿಡುತ್ತಿದ್ದವನು, ಈಗ ಕೊರಳಲ್ಲಿ ಎತ್ತಿನ ಹಗ್ಗದಷ್ಟು ದಪ್ಪ ಬಂಗಾರ.

"ಎಣಿಸ್ಲಿಲ್ಲ ಧಣಿ. ಆದ್ರ ಒಮ್ಮಿನೂ ಕೂಗಲಿಲ್ಲ, ನೋಡಿದ್ರ್ಯಲ್ಲ?"

"ಕೆಟ್ಟೈತಿ ಬಿಡ್ರಿ."

ಹುಲಿಗೇಶ್ ಮೇಜಿನ ಮೇಲೆ ಕಳಚಿಟ್ಟಿದ್ದ ತನ್ನ ಬೀಗದ ಕೈಯನ್ನು ಎತ್ತಿ ಚೌಕಟ್ಟಿನ ನಡುವೆ ಹಿಡಿದ. ಬಾಗಿಲು ಕುಂಯ್ಯೋ ಎಂದು ಕಿರುಚಿಕೊಂಡಿತು. ಊರಿನವರೆಲ್ಲ ಅದಕ್ಕೆ "ಕೂಗೋ ಬಾಗಲ" ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಆ ಬಾಗಿಲ ಮೇಲೆಯೇ ಒಬ್ಬನ ಜೀವ ನೇತಾಡುತ್ತಿತ್ತು. ಇದೇ ಕಚೇರಿಯ ಮ್ಯಾನೇಜರ್ ವೆಂಕಣ್ಣ ತನ್ನ ಕೋಣೆಯಲ್ಲಿ ತಲೆಗೆ ಅದಿರಿನ ಕಲ್ಲಿನ ಏಟು ಬಿದ್ದು ಸತ್ತಿದ್ದ, ಬಾಗಿಲು ಕಾಯುವ ದಾದಾಪೀರ್ ಲಾಕಪ್ಪಿನಲ್ಲಿದ್ದ. ಧೂಳು ಕಂಡರಾಗದ ವೆಂಕಣ್ಣ ಕಚೇರಿಯೊಳಗೆ ಅದಿರಿನ ಒಂದು ಚೂರೂ ಇಡಗೊಡುತ್ತಿರಲಿಲ್ಲ. ಹಾಗಾಗಿ ಕಲ್ಲು ಹೊರಗಿನಿಂದಲೇ ಬಂದಿರಬೇಕು. ಕಬ್ಬಿಣದ ಕಲ್ಲನ್ನು ಹೊರಗಿನವರು ತಂದಿದ್ದರೆ ಬಾಗಿಲು ಕೂಗಬೇಕಿತ್ತು, ಅವತ್ತು ಅದು ಹಾಗೆ ಕೂಗಿರಲಿಲ್ಲ. ಬೆಳಿಗ್ಗೆ ಬಂದು ಬಾಗಿಲಿನ ಸ್ವಿಚ್ ಹಾಕುವವನು ದಾದಾಪೀರ್. ಸ್ವಿಚ್ ಹಾಕುವ ಮುಂಚೆ ಏನನ್ನು ಬೇಕಾದರೂ ಒಳಗೆ ತರಬಲ್ಲವನು ಅವನೊಬ್ಬನೇ. ಕೇಸು ಇಷ್ಟೇ.

"ರೇಣುಕಾ, ಬಾ ಇಲ್ಲಿ. ಒಮ್ಮಿ ದಾಟವಾ" ಎಂದ ಹುಲಿಗೇಶ್.

ಫೋನು ಎತ್ತುವ ಕೆಲಸದ ರೇಣುಕಾ ಸೆರಗು ಸರಿಮಾಡಿಕೊಂಡು ದಾಟಿದಳು. ಚೌಕಟ್ಟಿನ ಬುಡದಲ್ಲಿದ್ದ ಕೆಂಪು ದೀಪ ಹತ್ತಿ ಬಾಗಿಲು ಕೂಗಿತು.

"ಕಾಲುಂಗುರ ರೀ ಸಾರ್. ದಿನಾ ನನಗಿದ ಗೋಳು. ಕೆಳಗಿನ ದೀಪ ಹತ್ತಿದ್ರ ದಾದಾಪೀರಂಗ ತಿಳೀತಿತ್ತು, ‘ಹೋಗ್ರಿ ಅಕ್ಕಾ’ ಅಂತಿದ್ದ."

ಎರ್ರಿಸ್ವಾಮಿ ಈಗ ಸೋಫಾದಿಂದ ಎದ್ದ. "ಏಮಿ ಸ್ವಾಮೀ ಇದಿ! ಚಿಟಿಕಿ ಬೆಳ್ಳಿಗೆ ಬಾಯಿ ಬಡ್ಕೊಂತೈತಿ, ಇಷ್ಟು ದೊಡ್ಡ ಕಬ್ಬಿಣಕ್ಕ ಬಾಯಿಗೆ ಬೀಗ ಹಾಕ್ಕೊಂತೈತಾ?"

"ಬೆಳ್ಳಿ ಲೋಹ ಧಣಿ. ಇದು ಕಲ್ಲು. ಈ ಬಾಗಲ ಒಂದು ಅಲಿ ಬಿಡ್ತೈತಿ. ಲೋಹ ಇದ್ರ ಅದರಾಗ ಕರೆಂಟು ಸುತ್ತಾಡತೈತಿ, ಬಾಗಲಕ್ಕ ಗೊತ್ತಾಗತೈತಿ. ಈ ಕಲ್ಲಿನಾಗ ಕಬ್ಬಿಣ ಐತಿ ಖರೆ, ಆದ್ರ ಗಾಳಿ ಕೂಡ ಬೆರೆತು ಕಲ್ಲಾಗೇತಿ. ತುಕ್ಕು ಅನ್ಕೋರಿ. ಕರೆಂಟು ಹರಿಯಂಗಿಲ್ಲ."

"ತುಕ್ಕಾ! ಚೀನಾದೋರಿಗೆ ನಾನು ತುಕ್ಕು ಮಾರಾಕತ್ತೀನೇನು?"

"ಅವ್ರು ಕುಲಿಮ್ಯಾಗ ಹಾಕಿ ಕಾಸಿ ಕಬ್ಬಿಣ ತಗೀತಾರ. ಕಾಸೋತನ ಕಲ್ಲ."

"ಇದನ್ನ ಮಾರಿದ ಬೆಂಗಳೂರಿನ ಮಗ ಸೂಜಿನೂ ಬಿಡಂಗಿಲ್ಲ ಅಂದಿದ್ದ."

"ಸೂಜಿ ಹಿಡದ್ರೂ ಹಿಡೀಬೌದು. ಗಾಜಿನ ಚೂರು ಬಿಡ್ತೈತಿ, ಬಿದಿರಿನ ಚೂರಿ ಬಿಡ್ತೈತಿ, ವಿಷದ ಸೀಸೆ ಬಿಡ್ತೈತಿ. ಹಿಡದಿದ್ದೂ ಏನು ಅಂತ ಹೇಳಂಗಿಲ್ಲ. ಕಾಲುಂಗುರಾನೂ ಒಂದ, ಕೊಡ್ಲಿನೂ ಒಂದ."

ಎರ್ರಿಸ್ವಾಮಿಗೆ ಅವಮಾನವಾದಂತಾಯಿತು. ಕೊರಳಿನ ಸರವನ್ನು ಒಮ್ಮೆ ಸವರಿಕೊಂಡ. "ಹಾಳಾಗಿ ಹೋಗ್ಲಿ ಬಿಡ್ರಿ. ನನಗಂತೂ ಇದರ ಕಾಟ ಬ್ಯಾಡ ಅಂತ ನಾ ಬರೋವಾಗ ಬಂದ್ ಮಾಡಸ್ತೀನಿ. ಇಲ್ಲಾಂದ್ರ ನನ್ನ ಬಂಗಾರಕ್ಕ ಇದು ಗಂಟಲಾ ಹರಕೊಂತೈತಿ."

"ವೆಂಕಣ್ಣ ಸತ್ತ ದಿನ?"

"ಅವತ್ತು ನಾನು ಹೊಸಪೇಟ್ಯಾಗ ಇದ್ದೆ. ಹೇಳಿಕಿ ಕೊಟ್ಟೀನಲ್ರಿ, ಮತ್ತ ಮತ್ತ ಏನು ಕೇಳ್ತೀರಿ?"

ರೇಣುಕಾ ಫೋನಿನ ವೈರಿನ ಗಂಟು ಬಿಡಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಹುಲಿಗೇಶನಿಗೆ ಅದನ್ನು ನೋಡುವ ವ್ಯವಧಾನವೂ ಇರಲಿಲ್ಲ. ದಾದಾಪೀರನ ಪೊಲೀಸ್ ಕಸ್ಟಡಿ ಇವತ್ತಿಗೆ ಮುಗಿಯುತ್ತಿತ್ತು, ಸಂಜೆಯೊಳಗೆ ಕೋರ್ಟಿಗೆ ಒಯ್ಯಬೇಕು. ಅಲ್ಲಿಂದ ಜೈಲು. ಜೈಲಿಗೆ ಹೋದ ಬಡವನ ಕೇಸು ಯಾವ ಕಾಲಕ್ಕೆ ಮೇಲೇಳುತ್ತದೆಂದು ಖಾಕಿ ಹಾಕಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಲ್ಟು ಬಿಗಿದುಕೊಂಡು, ಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಜೀಪು ಹತ್ತಿದ. ಎಷ್ಟೋ ದಿನದ ಮೇಲೆ ಅವನಿಗೆ ಸಿಳ್ಳೆ ಹಾಕಬೇಕೆನಿಸಿತು. ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ್ದು ಜನ್ಮದಲ್ಲಿ ಮೊದಲ ಸಲ ಒಬ್ಬರ ಉಪಯೋಗಕ್ಕೆ ಬಂದಿತ್ತು.

ಕಂಟೋನ್ಮೆಂಟಿನ ಠಾಣೆಯ ಮುಂದೆ ಬೇವಿನ ಮರದ ಕಟ್ಟೆ. ಅದರ ಮೇಲೆ ರಹೀಮಾಬೀ ಕೂತಿದ್ದಳು. ದಾದಾಪೀರನ ತಾಯಿ. ದಿನಾ ಕುರುಗೋಡಿನಿಂದ ಮೊದಲ ಬಸ್ಸಿಗೆ ಬಂದು, ಮಗನಿಗೆ ಒಳಗೆ ರೊಟ್ಟಿ ಕೊಟ್ಟು, ಬಿಸಿಲು ಇಳಿಯುವ ತನಕ ಅಲ್ಲೇ ಕೂತು ಹೋಗುವುದು. ಬೈಯುವುದಿಲ್ಲ, ಅಳುವುದಿಲ್ಲ, ಯಾರ ಕಾಲಿಗೂ ಬೀಳುವುದಿಲ್ಲ. ಕಾನ್‌ಸ್ಟೇಬಲ್ಲುಗಳಿಗೆ ಅದೇ ಒಂದು ಸಂಕಟವಾಗಿತ್ತು.

ಜೀಪು ಕಂಡು ಎದ್ದು ನಿಂತಳು. "ಯಪ್ಪಾ, ಏನಾತು?"

"ಕೂಡ್ರಮ್ಮಾ, ಕೂಡ್ರಿ. ಇವತ್ತು ನಿಮ್ಮ ಮಗ ನಿಮ್ಮ ಜೊತಿನ ಬಸ್ ಹತ್ತತಾನ."

"ಖರೇನಾ? ಹೆಂಗ?"

"ಕಬ್ಬಿಣದ ಕಲ್ಲಿಗೆ ಆ ಬಾಗಲ ಕೂಗಂಗಿಲ್ಲಮ್ಮಾ! ಯಾರಾರ ಬಟ್ಯಾಗ ಸುತ್ತಿಕೊಂಡು ಒಳಗ ಒಯ್ಯಬೌದು. ನಿಮ್ಮ ಮಗನ ಮ್ಯಾಲ ಇದ್ದ ಕೇಸು ಅಲ್ಲಿಗೆ ಮುಗೀತು."

ರಹೀಮಾಬೀಯ ಮುಖ ಅರಳಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಅವನನ್ನೇ ನೋಡುತ್ತ ನಿಂತಳು. ಗಂಡ ದಸ್ತಗೀರಸಾಬ್ ಕುಡತಿನಿ ಕಡೆಯ ಎರ್ರಿಸ್ವಾಮಿಯ ಅದಿರಿನ ಯಾರ್ಡಿನಲ್ಲಿ ಲಾರಿ ತುಂಬುವಾಗ ಗುಡ್ಡೆ ಜಾರಿ ಸತ್ತ ಮೇಲೆ ಈ ಹೆಂಗಸು ಒಳ್ಳೆಯ ಸುದ್ದಿಯನ್ನು ನಂಬುವುದನ್ನೇ ಬಿಟ್ಟಿರಬೇಕು ಎಂದುಕೊಂಡ ಹುಲಿಗೇಶ್. ಪಾಪ, ನಂಬಿಕೆ ಬರಲಿ ಎಂದು ಮತ್ತೊಮ್ಮೆ ಹೇಳಿದ, "ನಾ ಮಾತು ಕೊಡ್ತೀನಮ್ಮಾ."

ಒಳಗೆ ಸರ್ಕಲ್ ಇನ್‌ಸ್ಪೆಕ್ಟರ್ ಗವಿಸಿದ್ದಪ್ಪ ಮೊಸರನ್ನ ಉಂಡು ಕೈ ತೊಳೆದು ಬಂದಿದ್ದರು. ಕೆಟ್ಟ ಮನುಷ್ಯ ಅಲ್ಲ. ಆದರೆ ದಿನಕ್ಕೆ ಹತ್ತು ಕಡೆಯಿಂದ ಫೋನು, ಹತ್ತು ಕಡೆ ಬಂದೋಬಸ್ತು. ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಹೆಲಿಕಾಪ್ಟರು ಇಳಿಯದ ವಾರ ಇರಲಿಲ್ಲ. ಮುಗಿದ ಕೇಸನ್ನು ಮತ್ತೆ ಬಿಚ್ಚುವುದೆಂದರೆ ಅವರಿಗೆ ತಲೆನೋವು ಬರುತ್ತಿತ್ತು.

"ಹುಲಿಗೇಶಾ, ಸುಮ್ನ ಕೋರ್ಟಿಗೆ ಕಳಸೋ ಮಾರಾಯಾ."

"ಒಂದ ನಿಮಿಷ ಸಾರ್. ಕೈ ಕೊಡ್ರಿ."

ಸಿರುಗುಪ್ಪದಲ್ಲಿ ಮಂತ್ರಿಗಳ ಸಭೆ ಮುಗಿಸಿಕೊಂಡು ಬಂದಿದ್ದ ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರು ಕಪಾಟಿನ ಮೇಲೆ ಬಿದ್ದಿತ್ತು. ಅಗಸರ ಕೋಲಿನಂತಹ ಆ ಕರಿ ಯಂತ್ರವನ್ನು ತಂದು ಸಾಹೇಬರ ಬೆರಳಿನ ಹತ್ತಿರ ಹಿಡಿದ. ನವರತ್ನದ ಉಂಗುರಕ್ಕೆ ಅದು ಕುಂಯ್ ಎಂದಿತು. ಟವೆಲ್ಲು ಬಿಚ್ಚಿ ಕೆಂಪು ಕಲ್ಲಿನ ಮೇಲೆ ಹಿಡಿದ. ಸದ್ದಿಲ್ಲ. ಕಲ್ಲಿಗೆ ಮುಟ್ಟಿಸಿದ, ಉಜ್ಜಿದ. ಸದ್ದಿಲ್ಲ.

ಗವಿಸಿದ್ದಪ್ಪನವರು ತಾವೇ ಇಸಿದುಕೊಂಡು ನೋಡಿದರು. ಮೇಜಿನ ಕಾಲಿಗೆ ಹಿಡಿದರು, ಕೂಗಿತು. ಕಲ್ಲಿಗೆ ಹಿಡಿದರು, ಕೂಗಲಿಲ್ಲ. ಮೂಲೆಯಲ್ಲಿ ಕೂತು ಬರೆಯುತ್ತಿದ್ದ ಸ್ಟೇಷನ್ ರೈಟರ್ ಸುಂಕಪ್ಪ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು ತಾನೂ ಬಗ್ಗಿ ನೋಡಿದ.

"ಎಲಾ ಇದರ! ಇಷ್ಟು ವರ್ಷ ಈ ಊರಾಗ ಅದೀನಿ, ಕಬ್ಬಿಣದ ಕಲ್ಲು ಅಂದ್ರ ಕಬ್ಬಿಣ ಅಂತನ ತಿಳಕೊಂಡಿದ್ನಲ್ಲೋ" ಎಂದರು ಗವಿಸಿದ್ದಪ್ಪ. "ಆದ್ರ ವೆಂಕಣ್ಣನ ತಲಿಗೆ ಬಿದ್ದ ಕಲ್ಲು ಇದಲ್ಲಲ್ಲ?"

"ಎಲ್ಲಾ ಒಂದ ಅದಿರು ಸಾರ್. ಅದೂ ಇಂಥದ್ದ. ನಾನ ಕಂಡಿನಲ್ಲ, ರಕ್ತ, ಧೂಳು ಹತ್ತಿ ಹಿಂಗ ಕೆಂಪಗಿತ್ತು."

"ಲ್ಯಾಬಿನಿಂದ ಇವತ್ತ ವಾಪಸ್ ಬಂದೈತಿ ಅದು. ಸುಂಕಪ್ಪನ ಕಪಾಟಿನಾಗ ಐತಿ. ಇರ್ಲಿ. ಹಂಗಾದ್ರ ಅವತ್ತು ಕಲ್ಲು ತಂದೋರು ಯಾರು?"

ಈ ಪ್ರಶ್ನೆಗಾಗಿಯೇ ಹುಲಿಗೇಶ್ ಕಾದಿದ್ದ. ಸಿರುಗುಪ್ಪದ ಲಾರಿ ಮಾಲೀಕ ಜೋಗಪ್ಪ ಅವನ ಮನಸ್ಸಿನಲ್ಲಿದ್ದ. ಗದ್ದೆ ಮಾರಿ ಲಾರಿ ಕೊಂಡವನು, ಲೋಡು ಕೊಡದೆ ಸತಾಯಿಸುತ್ತಾನೆಂದು ವೆಂಕಣ್ಣನ ಮೇಲೆ ಹಲ್ಲು ಮಸೆಯುತ್ತಿದ್ದವನು. ಅವತ್ತು ಮಧ್ಯಾಹ್ನ ಕಚೇರಿಗೆ ಬಂದ ಹೊರಗಿನವನು ಅವನೊಬ್ಬನೇ ಎಂದು ರೇಣುಕಾ ಹೇಳಿಕೆ ಕೊಟ್ಟಿದ್ದಳು. ಕೈಯಲ್ಲಿ ಬಟ್ಟೆ ಚೀಲವೂ ಇತ್ತಂತೆ.

"ನಿಮ್ಮ ಮುಂದ ಕೇಳ್ತೀನಿ ಸಾರ್" ಎಂದು ಹುಲಿಗೇಶ್ ಮೇಜಿನ ಫೋನಿನ ಸ್ಪೀಕರ್ ಒತ್ತಿ ಕಚೇರಿಗೆ ಫೋನು ಹಚ್ಚಿದ.

"ರೇಣುಕಾ, ಅವತ್ತು ಜೋಗಪ್ಪ ಚೀಲ ತಂದಿದ್ನಲ್ಲ, ದಾದಾಪೀರ್ ಅದನ್ನ ಬಿಚ್ಚಿ ನೋಡಿದ್ನಾ?"

"ನೋಡಿದ್ನಲ್ರಿ ಸಾರ್. ಚೀಲದಾಗ ಸ್ಟೀಲ್ ತಂಬಿಗಿ ಇತ್ತು, ಕೂಗಿತು. ಕೂಗಿದ್ರ ಪೂರಾ ಬಿಚ್ಚತಿದ್ದ ಅಂವ. ತಂಬಿಗಿ, ಒಂದು ಟವೆಲ್ಲು, ಅಷ್ಟ ಇತ್ತು."

ಹುಲಿಗೇಶ್ ಸ್ಪೀಕರಿನ ಹತ್ತಿರಕ್ಕೆ ಬಗ್ಗಿದ. "ಮತ್ತ ಬ್ಯಾರೆ ಯಾರಾರ? ಕೂಗದಂಥಾ ಚೀಲ, ಗಂಟು, ಏನಾರ ತಂದೋರು?"

"ಬ್ಯಾರೆ ಯಾರೂ ಬಂದಿಲ್ರಿ."

"ನೆಪ್ಪು ಮಾಡ್ಕೋ ತಾಯಿ. ಒಬ್ಬನ ಜೀವದ ಪ್ರಶ್ನೆ."

ರೇಣುಕಾ ಎಂದಳು, "ಗಂಟು ಅಂದ್ರ... ಬುತ್ತಿ ಗಂಟು ತಂದಿದ್ದಳ್ರಿ, ದಾದಾಪೀರನ ತಾಯಿ. ವೆಂಕಣ್ಣ ಸಾರ್ ಕೂಡ ಏನೋ ಮಾತಾಡಬೇಕು ಅಂತ ಒಳಗ ಹೋಗಿ ಬಂದಳು. ನೀವು ಬಂದೋರು ಯಾರು ಅಂತ ಕೇಳಿದ್ರಿ. ಬುತ್ತಿ ತಂದೋರು ಬಂದೋರ ಲೆಕ್ಕಕ್ಕ ಬರ್ತಾರೇನ್ರಿ ಸಾರ್?"

ಬರುವುದಿಲ್ಲ. ಈ ಸೀಮೆಯಲ್ಲಿ ಬುತ್ತಿ ತರುವ ಹೆಂಗಸನ್ನು ಯಾರು ಬಂದವರೆಂದು ಎಣಿಸುತ್ತಾರೆ? ಹೊಲಕ್ಕೆ, ಮಿಲ್ಲಿಗೆ, ಕಚೇರಿಗೆ ನೂರು ಜನ ತಾಯಂದಿರು ದಿನಾ ಬಂದು ಹೋಗುತ್ತಾರೆ. ಸ್ಟೀಲಿನ ಡಬ್ಬಿಯಾದರೆ ಕೂಗುತ್ತದೆ, ಬಿಚ್ಚುತ್ತಾರೆ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟಿಗೆ ಬಾಗಿಲೂ ಕೂಗುವುದಿಲ್ಲ, ಮನುಷ್ಯರೂ ಕಣ್ಣೆತ್ತುವುದಿಲ್ಲ.

ಗವಿಸಿದ್ದಪ್ಪ ಫೋನು ಇಟ್ಟರು. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. "ಸುಂಕಪ್ಪಾ, ಹೊರಗ ಕಟ್ಟಿ ಮ್ಯಾಲ ಕುಂತಾಳಲ್ಲ, ಆಕಿನ ಕರಿ."

"ಸಾರ್, ಒಂದೀಟು ತಡೀರಿ. ನಾ ಮೊದಲ ಹುಡುಗನ್ನ ಮಾತಾಡಿಸಿ ಬರ್ತೀನಿ" ಎಂದು ಹುಲಿಗೇಶ್ ಅಂಗಲಾಚಿದ.

"ಹೋಗು. ಲಗೂ ಬಾ."

ಲಾಕಪ್ಪಿನ ಸರಳು ಹಿಡಿದು ದಾದಾಪೀರ್ ನಿಂತಿದ್ದ. ಇಪ್ಪತ್ತೈದರ ಹುರಿಯಾಳು, ಗಾರ್ಡಿನ ನೀಲಿ ಅಂಗಿ ಮೈಮೇಲೇ ಇತ್ತು. ಎದುರಿನ ಕೋಣೆಯಲ್ಲಿ ಆಡಿದ ಒಂದೊಂದು ಮಾತೂ ಅಲ್ಲಿಗೆ ಕೇಳುತ್ತಿತ್ತು.

"ಯಾಕ ಮಾಡಿದ್ರಿ ಸಾರ್?" ಎಂದ.

"ನಿನ್ನ ಬಿಡಸಾಕ ಮಾಡಿದೆನೋ."

"ನಾ ಕೇಳಿದ್ನಾ? ಆ ಕಲ್ಲಿಗೆ ಮಷೀನು ಕೂಗಂಗಿಲ್ಲ ಅಂತ ನನಗ ಅವತ್ತ ಗೊತ್ತಿತ್ತು. ಹೇಳಬೇಕಂದ್ರ ಮೊದಲ ದಿನಾ ಹೇಳಿ ಮನಿಗೆ ಹೋಗ್ತಿದ್ದೆ. ನೀವು ನನ್ನ ಬಿಡಸಲಿಲ್ಲ ಸಾರ್, ನಮ್ಮಮ್ಮನ್ನ ಹಿಡಿಸಿದ್ರಿ."

ಹುಲಿಗೇಶ್ ದನಿ ತಗ್ಗಿಸಿದ. "ಆಕಿ ಕಲ್ಲು ತಂದಿದ್ಲಾ?"

ದಾದಾಪೀರ್ ಹಣೆಯನ್ನು ಸರಳಿಗೆ ಒತ್ತಿದ. "ನಮ್ಮಪ್ಪನ ತಲಿ ಹತ್ರ ಬಿದ್ದಿದ್ದ ಕಲ್ಲು ಅದು. ಮನ್ಯಾಗ ಗೂಡಿನಾಗ ಇಟ್ಟಿದ್ಲು. ವೆಂಕಣ್ಣನ ಮೇಜಿನ ಮ್ಯಾಲ ಇಟ್ಟು ಒಂದು ಮಾತು ಕೇಳಿ ಬರ್ತೀನಿ ಅಂದ್ಲು. ನಾನ ಕೈಮಷೀನು ಹಿಡದು ನೋಡಿದೆ. ಕೂಗಿದ್ರ ತಡೀತಿದ್ದೆ ಸಾರ್, ಅಲ್ಲಾನ ಆಣಿ ತಡೀತಿದ್ದೆ. ಕೂಗಲಿಲ್ಲ. ಕೇಳಿ ಬರ್ಲಿ ಬಿಡು, ಜೀವಕ್ಕ ಸಮಾಧಾನ ಆಗ್ಲಿ ಅಂತ ಬಿಟ್ಟೆ."

"ಆಮ್ಯಾಲ?"

"ಆಮ್ಯಾಲ ಅಂವ ಸತ್ತ."

"ಆಕಿನ ಹೊಡದಾಳ ಅಂತ ನಿನಗ ಅನಸ್ತೈತಾ?"

ದಾದಾಪೀರ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಹೌದೆನ್ನಲು ಅವನಿಗೆ ನಾಲಿಗೆ ಇರಲಿಲ್ಲ, ಅಲ್ಲವೆನ್ನಲು ಧೈರ್ಯ ಇರಲಿಲ್ಲ. ತಾಯಿಯನ್ನು ಕೇಳಿಯೂ ಇರಲಿಲ್ಲ. ಬಾಯಿ ಬಿಟ್ಟರೆ ನನ್ನ ಹೆಣ ನೋಡುತ್ತೀ ಎಂದು ಅವಳಿಗೆ ಆಣೆ ಹಾಕಿ ಸುಮ್ಮನಾಗಿಸಿದ್ದ, ಅಷ್ಟೇ.

ಅಷ್ಟರಲ್ಲಿ ರಹೀಮಾಬೀ ಒಳಗೆ ಬಂದಾಗಿತ್ತು. ಹುಲಿಗೇಶ್ ಓಡಿ ಬಂದ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ್ದರು. ಸುಂಕಪ್ಪ ಹಾಳೆ ಜೋಡಿಸಿಕೊಂಡು ತಯಾರಾಗಿದ್ದ. ಗವಿಸಿದ್ದಪ್ಪ ಗದರಿಸಲಿಲ್ಲ, ಮನೆಯ ಹಿರಿಯರನ್ನು ಕೇಳುವ ಹಾಗೆ ಕೇಳಿದರು.

"ಯಮ್ಮಾ, ಅವತ್ತು ಬುತ್ತಿ ಗಂಟಿನಾಗ ಏನಿತ್ತು?"

"ಏನೂ ಹೇಳಬ್ಯಾಡ್ರಿ ಅಮ್ಮಾ, ವಕೀಲ್ರು ಬರ್ಲಿ..." ಎಂದು ಹುಲಿಗೇಶ್ ಬಾಯಿ ಹಾಕಿದ.

"ನೀ ಸುಮ್ನಿರು!" ಎಂದರು ಸಾಹೇಬರು.

ರಹೀಮಾಬೀ ಹುಲಿಗೇಶನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಯಾತಕ್ಕ ಮುಚ್ಚಿಡ್ಲಿ ಯಪ್ಪಾ? ಮಗ ಆಣಿ ಹಾಕಿದ್ದ, ಬಾಯಿ ಕಟ್ಟಿಕೊಂಡಿದ್ದೆ. ಈಗ ಅಂವ ಬಿಡುಗಡಿ ಆಗ್ತಾನಂದ ಮ್ಯಾಲ ನನ್ನ ಬಾಯಿಗೆ ಯಾಕ ಬೀಗ? ಕಲ್ಲು ನಾ ತಂದೆ ಸಾಹೇಬ್ರ."

ಸುಂಕಪ್ಪನ ಪೆನ್ನು ಸರಸರ ಓಡಿತು.

"ವೆಂಕಣ್ಣನ ಮೇಜಿನ ಮ್ಯಾಲ ಇಟ್ಟೆ. ‘ಪರಿಹಾರ ಕೇಳಿದ್ರ, ನಮ್ಮ ಯಜಮಾನ ನಿಮ್ಮ ಆಳಲ್ಲ ಅಂದ್ರಿ. ಕಲ್ಲಾದ್ರ ನಿಮ್ದ ಐತಿಲ್ಲ? ಇಟ್ಕೋರಿ’ ಅಂದೆ. ಅಂವ ನಕ್ಕ. ಈ ಹಳಿ ಕಲ್ಲು ಹೊರಗ ಒಗೀಬೇಕು, ಧೂಳು ಆಗಂಗಿಲ್ಲ ನನಗ ಅಂದ. ನಾ ಎದ್ದು ಬಂದೆ. ಬರೋವಾಗ ಅಂವ ಕುರ್ಚಿ ಮ್ಯಾಲ ಕುಂತ ಸೀನಾಕತ್ತಿದ್ದ."

"ಸೀನತಿದ್ದ ಅಂದ್ರ ಬದುಕಿದ್ದ ಸಾರ್!" ಎಂದ ಹುಲಿಗೇಶ್.

"ಆಕಿ ಹೇಳ್ತಾಳ. ಸಾಕ್ಷಿ ಯಾರದಾರ?" ಎನ್ನುತ್ತ ಗವಿಸಿದ್ದಪ್ಪ ಸುಂಕಪ್ಪನಿಗೆ ಕಣ್ಣು ಮಾಡಿದರು. "ಆ ಪಾಕೀಟು ತಾ. ಇದ ಕಲ್ಲೇನು, ಆಕಿ ಗುರುತು ಹಿಡೀಲಿ."

ಸುಂಕಪ್ಪ ಅರಗಿನ ಮುದ್ರೆ ಹಾಕಿದ ದಪ್ಪ ಪ್ಲಾಸ್ಟಿಕ್ ಪಾಕೀಟನ್ನು ತಂದು ಮೇಜಿನ ಮೇಲೆ ಇಟ್ಟ. ಲ್ಯಾಬಿನವರು ರಕ್ತ ಕೆರೆದು ತೆಗೆದುಕೊಂಡು, ಧೂಳೆಲ್ಲ ತೊಳೆದು ಕಳಿಸಿದ್ದರು. ಹುಲಿಗೇಶ್ ಬಗ್ಗಿ ನೋಡಿದ. ತಾನು ಕಂಡಿದ್ದ ಕೆಂಪು ಕಲ್ಲು ಎಲ್ಲಿಯೂ ಇರಲಿಲ್ಲ. ಪ್ಲಾಸ್ಟಿಕ್ಕಿನೊಳಗೆ ಇದ್ದಿಲಿನಷ್ಟು ಕಪ್ಪಗಿನ, ಮಿರಮಿರ ಹೊಳೆಯುವ ಕಲ್ಲೊಂದು ಕೂತಿತ್ತು. ಬಳ್ಳಾರಿಯ ಧೂಳಿಗೇನು, ಅದು ಕೂತರೆ ಕರಿ ಎಮ್ಮೆಯೂ ಕೆಂಪಾಗುತ್ತದೆ.

ರಹೀಮಾಬೀ ಹತ್ತಿರ ಬಂದು ನೋಡಿದಳು. ಪಾಕೀಟಿನ ಮೇಲೆ ಬೆರಳಾಡಿಸಿದಳು.

"ಇದಲ್ಲ" ಎಂದಳು. "ನಂದು ಕೆಂಪಂದು ಸಾಹೇಬ್ರ, ಹೆಂಚಿನಂಗ. ಒಂದು ಮಗ್ಗಲು ಮುಕ್ಕಾಗಿತ್ತು. ಇದು ನಾ ತಂದ ಕಲ್ಲಲ್ಲ. ನನ್ನ ಕಲ್ಲು ಎಲ್ಲಿ?"

ಸುಂಕಪ್ಪನ ಪೆನ್ನು ಓಡಲಿಲ್ಲ. ಕಲ್ಲು ನಾ ತಂದೆ ಎಂಬಲ್ಲಿಗೇ ಅವನು ಬರೆಯುವುದನ್ನು ನಿಲ್ಲಿಸಿದ್ದ.

"ಅದನ್ನೂ ಬರೀರಿ ಸುಂಕಪ್ಪನೋರ" ಎಂದ ಹುಲಿಗೇಶ್. ಸುಂಕಪ್ಪ ಸಾಹೇಬರ ಮುಖ ನೋಡಿದ. ಸಾಹೇಬರು ಹುಲಿಗೇಶನ ಕಡೆ ತಿರುಗಿದರು.

"ಕೆಂಪಿರ್ಲಿ, ಕಪ್ಪಿರ್ಲಿ, ತಪ್ಪಿಸಿಕೊಳ್ಳಾಕ ಯಾರಾದ್ರೂ ಹಿಂಗ ಅಂತಾರಪಾ. ಎಲ್ಲಾ ಒಂದ ಅದಿರು ಅಂತ ನೀನ ಈಗ ಹೇಳಿದಿ. ಕೂಗಂಗಿಲ್ಲ ಅಂದಿ. ಇದರ ಮ್ಯಾಲೂ ಹಿಡದು ತೋರಸು, ಬರದು ಮುಗಸೋಣ."

ಹುಲಿಗೇಶ್ ಯಂತ್ರ ಎತ್ತಿಕೊಂಡ. ಆದರೆ ಕಲ್ಲಿಗೆ ಹಿಡಿಯಲಿಲ್ಲ. ತಿಳಿದದ್ದಕ್ಕಿಂತ ಹೆಚ್ಚು ಹೇಳಿಬಿಟ್ಟೆನೇ ಎಂಬ ಅಳುಕು ಅವನಿಗೆ ಆಗಲೇ ಹುಟ್ಟಿತ್ತು. ಅದಿರಿನಲ್ಲೂ ಜಾತಿಗಳಿವೆ, ಅಯಸ್ಕಾಂತಕ್ಕೆ ಅಂಟುವ ಕರಿ ಅದಿರೂ ಒಂದಿದೆ ಎಂದು ಕಾಲೇಜಿನಲ್ಲಿ ಯಾರೋ ಮೇಷ್ಟ್ರು ಹೇಳಿದ್ದು ಈಗ, ಈ ಕ್ಷಣದಲ್ಲಿ ನೆನಪಾಗಬೇಕೇ! ಎಲ್ಲ ಕಬ್ಬಿಣವೂ ಕೂಗುತ್ತದೆ ಎಂದ ಎರ್ರಿಸ್ವಾಮಿಯನ್ನು ನೋಡಿ ನಕ್ಕವನು, ಯಾವ ಕಲ್ಲೂ ಕೂಗುವುದಿಲ್ಲ ಎಂದುಕೊಂಡ ತಾನೇನು ಕಡಿಮೆ?

"ಹಿಡಿಯೋ" ಎಂದರು ಸಾಹೇಬರು.

ಹಿಡಿದ.

ಯಂತ್ರ ಕುಂಯ್ ಎಂದಿತು. ಎತ್ತಿದ, ನಿಂತಿತು. ಮತ್ತೆ ತಂದ, ಮತ್ತೆ ಕೂಗಿತು.

ಈ ಕಲ್ಲು ಕೂಗುವ ಕಲ್ಲು. ಹೊರಗಿನವರು ತಂದಿದ್ದರೆ ಬಾಗಿಲಿಗೆ ಗೊತ್ತಾಗುತ್ತಿತ್ತು. ಬೆಳಿಗ್ಗೆಯಿಂದ ಅವನು ಕಷ್ಟಪಟ್ಟು ತೆರೆದಿದ್ದ ಬಾಗಿಲು ಅವನ ಕೈಯಿಂದಲೇ ಮುಚ್ಚಿಕೊಂಡಿತು.

"ಹಂಗಾದ್ರ ನಮ್ಮಮ್ಮ ಅಲ್ಲ!"

ಲಾಕಪ್ಪಿನಿಂದ ಬಂದ ದನಿ ಅದು. ದಾದಾಪೀರ್ ಸರಳು ಹಿಡಿದು ಎಗರಾಡುತ್ತಿದ್ದ. ದಿನವೂ ಆ ಸದ್ದಿನ ನಡುವೆಯೇ ಬದುಕಿದವನಿಗೆ ಗೋಡೆಯ ಆಚೆಯಿಂದಲೂ ಎಲ್ಲ ತಿಳಿದಿತ್ತು. ಅವನ ದನಿಯಲ್ಲಿ ಕುಣಿದಾಡುವಂತಹ ಸಂತೋಷ.

"ಕೇಳಿದ್ರಾ ಸಾರ್? ಕೂಗಿತು! ನಮ್ಮಮ್ಮನ ಕಲ್ಲು ಕೂಗಿದ್ದಿಲ್ಲ, ನಾನ ಮಷೀನು ಹಿಡದು ಬಿಟ್ಟೀನಿ. ಕೂಗೋ ಕಲ್ಲು ಆಕಿ ತರಾಕ ಆಗಂಗಿಲ್ಲ. ಅದು ನಂದು! ಬೆಳಿಗ್ಗಿ ಸ್ವಿಚ್ ಹಾಕೋಕ್ಕಿಂತ ಮೊದಲ ನಾನ ಒಳಗ ಒಯ್ದಿದ್ದೆ. ನಾನ ಹೊಡದೆ. ಆಕಿನ ಬಿಡ್ರಿ, ನಂದು ಬರಕೋರಿ!"

"ಸುಳ್ಳು ಸಾರ್, ಸುಳ್ಳು ಹೇಳಾಕತ್ತಾನ" ಎಂದ ಹುಲಿಗೇಶ್. ಒಂದು ಗಳಿಗೆಯ ಹಿಂದೆ ತಾಯಿಯೇ ಹೊಡೆದಳೇನೋ ಎಂದು ಕಣ್ಣೀರು ಹಾಕಿದವನು ತಾನು ಕೊಂದವನು ಹೇಗಾದಾನು? ಆದರೆ ಅದನ್ನು ಯಾವ ಯಂತ್ರದ ಮುಂದೆ ಹಿಡಿದು ತೋರಿಸುವುದು? ಹುಡುಗ ಹೇಳಿದ ಸುಳ್ಳಿನಲ್ಲಿ ಒಂದು ತೂತೂ ಇರಲಿಲ್ಲ. ಅದಕ್ಕೆ ಬೇಕಾದ ಪುರಾವೆಯನ್ನು ಎಲ್ಲರ ಕಣ್ಣೆದುರು ಹಿಡಿದು ನಿಂತವನು ತಾನೇ.

"ಸುಳ್ಳಾದ್ರ ಕಲ್ಲು ಒಳಗ ಹೆಂಗ ಬಂತು, ನೀ ಹೇಳಪಾ" ಎಂದರು ಗವಿಸಿದ್ದಪ್ಪ. ಕುಹಕಕ್ಕೆ ಕೇಳಿದ್ದಲ್ಲ. ಉತ್ತರ ಸಿಕ್ಕರೆ ತೆಗೆದುಕೊಳ್ಳುವವರ ಹಾಗೆ ಕೇಳಿದ್ದು.

ಬಾಗಿಲನ್ನು ಬಂದ್ ಮಾಡಿಸಿಯೇ ಒಳಗೆ ಬರುವವನೊಬ್ಬನಿದ್ದಾನೆಂದು ಅವನ ಬಾಯಿಂದಲೇ ಕೇಳಿ ಬಂದದ್ದು ಹುಲಿಗೇಶನಿಗೆ ನೆನಪಾಗಲೇ ಇಲ್ಲ.

ರಹೀಮಾಬೀ ಎದ್ದು ಸುಂಕಪ್ಪನ ಮೇಜಿನ ಹತ್ತಿರ ಹೋಗಿ ಅವನು ಬರೆದಿದ್ದ ಹಾಳೆಯ ಮೇಲೆ ಎರಡೂ ಅಂಗೈ ಒತ್ತಿ ಹಿಡಿದಳು. "ಇದ ಇರ್ಲಿ ಯಪ್ಪಾ, ಕಲ್ಲು ನಾನ ತಂದೀನಿ. ಇದ ಕಲ್ಲು. ಈಗ ಗುರ್ತು ಸಿಕ್ತು, ಇದು ನಂದ ಐತಿ. ಇದ ಇರ್ಲಿ" ಎಂದಳು. ಮೊದಲ ಸಲ ಅವಳ ದನಿ ನಡುಗಿತು.

ಸುಂಕಪ್ಪ ಅವಳ ಕೈಗಳನ್ನು ಮೆತ್ತಗೆ ಸರಿಸಿದ. ಹೊಸ ಹಾಳೆ ತೆಗೆದು ಮುಂದಿಟ್ಟುಕೊಂಡು, ಲಾಕಪ್ಪಿಗೆ ಕೇಳುವ ಹಾಗೆ ಕೂಗಿದ.

"ಹೆಸರು ಹೇಳಪಾ. ತಂದಿ ಹೆಸರೂ ಕೂಡಿಸಿ ಹೇಳು."

"ದಾದಾಪೀರ್" ಎಂದು ಒಳಗಿನಿಂದ ಉತ್ತರ ಬಂತು. "ತಂದಿ ದಸ್ತಗೀರಸಾಬ್. ಬರಕೋರಿ, ಲಗೂ ಬರಕೋರಿ."